ಮಂದಣ್ಣನ ಕಣ್ಣು, ಕರ್ವಾಲೊ ಅವರ ಟಿಪ್ಪಣಿ: ತೇಜಸ್ವಿಯವರ ವೈಜ್ಞಾನಿಕ ಕಥನದಲ್ಲಿ ಜನಪದ ಅರಿವಿನ ಸ್ಥಾನ

1

ಕನ್ನಡದಲ್ಲಿ ವೈಜ್ಞಾನಿಕ ಕಥಾಸಾಹಿತ್ಯದ ಚರ್ಚೆ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರನ್ನು ಆ ಸಾಲಿಗೆ ಸೇರಿಸಬಹುದೇ? ರಾಜಶೇಖರ ಭೂಸನೂರಮಠ ಅವರಂತಹ ಲೇಖಕರು ಆ ಹೆಸರನ್ನು ಒಪ್ಪಿಕೊಂಡೇ ಬರೆದವರು. ಅವರ ವಿಷಯದಲ್ಲಿ ಇಂತಹ ಅನುಮಾನಕ್ಕೆ ಎಡೆಯಿಲ್ಲ. ತೇಜಸ್ವಿಯವರಾದರೋ ಗ್ರಹಾಂತರ ಯಾನವನ್ನಾಗಲಿ ಯಂತ್ರಮಾನವನನ್ನಾಗಲಿ ಕಾದಂಬರಿಯ ವಸ್ತುವಾಗಿಸಲಿಲ್ಲ. ಅವರ ಕಥೆಗಳು ನಡೆಯುವುದು ಮೂಡಿಗೆರೆಯ ಸುತ್ತಿನ ಕಾಡು, ಕಾಫಿ ತೋಟ, ಜೇನು ಸೊಸೈಟಿ, ಅಂಚೆ ಕಚೇರಿಗಳಲ್ಲಿ. ಈ ಕಾರಣಕ್ಕೆ ವಿಮರ್ಶೆಯು ಅವರನ್ನು ಬಹುಮಟ್ಟಿಗೆ ಪರಿಸರದ ಲೇಖಕರೆಂದೋ ನವ್ಯೋತ್ತರ ಮಾರ್ಗದ ಪ್ರವರ್ತಕರೆಂದೋ ಗುರುತಿಸುತ್ತ ಬಂದಿದೆ.

ಆದರೆ ವೈಜ್ಞಾನಿಕ ಕಥನವೆಂದರೆ ಯಂತ್ರದ ಕಥೆ ಎಂಬುದು ಪ್ರಕಾರದ ಅತಿ ಕಿರಿದಾದ ವ್ಯಾಖ್ಯಾನ. ಡಾರ್ಕೊ ಸುವಿನ್ 1979ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಪರಿಚಿತ ಲೋಕವನ್ನು ಅಪರಿಚಿತವಾಗಿಸುವುದು ಮತ್ತು ಆ ಅಪರಿಚಿತತೆಯನ್ನು ತಾರ್ಕಿಕ ಅರಿವಿನ ಚೌಕಟ್ಟಿನಲ್ಲೇ ನಿರ್ವಹಿಸುವುದು ಈ ಪ್ರಕಾರದ ಲಕ್ಷಣವೆಂದು ವಾದಿಸಿದರು. ಈ ಅಳತೆಗೋಲನ್ನು ಒಪ್ಪಿದರೆ 1980ರ 'ಕರ್ವಾಲೊ' ಕನ್ನಡದ ಒಂದು ಮುಖ್ಯ ವೈಜ್ಞಾನಿಕ ಕಾದಂಬರಿ. ಅದರಲ್ಲಿ ಅಪರಿಚಿತವಾದದ್ದು ಒಂದು ಹಾರುವ ಓತಿ. ಅದನ್ನು ಅರಿಯುವ ಕ್ರಮವೇ ಕಾದಂಬರಿಯ ಕಥಾವಸ್ತು.

ಪ್ರಸ್ತುತ ಲೇಖನದ ಉದ್ದೇಶ ತೇಜಸ್ವಿಯವರಿಗೆ ಹೊಸದೊಂದು ಹಣೆಪಟ್ಟಿ ಅಂಟಿಸುವುದಲ್ಲ. ಅವರ ಕಥನದಲ್ಲಿ ವಿಜ್ಞಾನದ ಪಕ್ಕದಲ್ಲಿ ಜನಪದ ಅರಿವಿಗೆ ದೊರೆತಿರುವ ಸ್ಥಾನ ಯಾವುದು, ಮತ್ತು ಆ ಸ್ಥಾನವು ಜಾನಪದ ಅಧ್ಯಯನಕಾರರಾದ ನಮ್ಮ ವಿಂಗಡಣೆಯ ಪದ್ಧತಿಗೆ ಯಾವ ಸವಾಲನ್ನು ಒಡ್ಡುತ್ತದೆ ಎಂಬುದನ್ನು ಪರಿಶೀಲಿಸುವುದು ಇಲ್ಲಿಯ ಗುರಿ.

2

ತೇಜಸ್ವಿಯವರು ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ಕುವೆಂಪು ಮತ್ತು ಹೇಮಾವತಿಯವರ ಮಗ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ ಮೇಲೆ, ಆ ಪದವಿ ಪಡೆದವರು ಸಾಮಾನ್ಯವಾಗಿ ಹಿಡಿಯುವ ಅಧ್ಯಾಪನದ ದಾರಿಯನ್ನು ಬಿಟ್ಟು ಮೂಡಿಗೆರೆಯ ಕಡೆಗೆ ಹೋಗಿ ಬೇಸಾಯಕ್ಕೆ ನಿಂತರು. ಮೊದಲು 'ಚಿತ್ರಕೂಟ', ಬಳಿಕ 'ನಿರುತ್ತರ' ಎಂಬ ತೋಟಗಳು ಅವರ ನೆಲೆಯಾದವು. ತೀರಿಕೊಂಡದ್ದೂ 'ನಿರುತ್ತರ'ದಲ್ಲಿಯೇ, 2007ರ ಏಪ್ರಿಲ್ 5ರಂದು.

ಸಾಹಿತ್ಯದಲ್ಲಿ ಅವರು ನವ್ಯದ ಕಾಲದಲ್ಲಿ ಕಾಲಿಟ್ಟರು. 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಆ ಮಾರ್ಗದಿಂದ ಹೊರಬರುವ ನಿರ್ಧಾರವನ್ನು ಸ್ಪಷ್ಟವಾಗಿ ಸಾರಿದರು. ಈ ಮುನ್ನುಡಿಯನ್ನು ಸಾಹಿತ್ಯ ಚರಿತ್ರೆಯ ದೃಷ್ಟಿಯಿಂದ ಬೇಕಾದಷ್ಟು ಚರ್ಚಿಸಲಾಗಿದೆ. ಅದರ ಹಿಂದಿರುವ ಬದುಕಿನ ಆಯ್ಕೆಗೆ ಅಷ್ಟು ಗಮನ ಸಂದಿಲ್ಲ. ತೋಟ ಮಾಡುವವನಿಗೆ ತನ್ನ ಅಂತರಂಗದ ತಳಮಳಕ್ಕಿಂತ ಮುಂಚೆ ಎದುರಾಗುವುದು ಮಳೆ, ಹುಳು, ಆಳು, ಸಾಲ. ಗಿಡ ಏಕೆ ಒಣಗಿತು ಎಂಬ ಪ್ರಶ್ನೆಗೆ ಉತ್ತರ ಬೇಕಾದಾಗ ಅವನು ಪುಸ್ತಕವನ್ನೂ ತೆರೆಯುತ್ತಾನೆ, ಪಕ್ಕದ ಕೂಲಿಯವನನ್ನೂ ಕೇಳುತ್ತಾನೆ. ಈ ಎರಡು ಆಕರಗಳ ನಡುವಿನ ಓಡಾಟವೇ ತೇಜಸ್ವಿಯವರ ಕಥನಕ್ರಮವಾಯಿತೆಂಬುದು ನನ್ನ ಗ್ರಹಿಕೆ.

ಅವರ ಬರವಣಿಗೆಯ ವಿಸ್ತಾರವೂ ಇದನ್ನೇ ಹೇಳುತ್ತದೆ. 'ಪರಿಸರದ ಕತೆ'ಯಲ್ಲಿ ತೋಟದ ಅನುಭವವಿದೆ. 'ಸಹಜ ಕೃಷಿ'ಯಲ್ಲಿ ಜಪಾನಿನ ಫುಕುವೊಕಾ ಅವರ ಬೇಸಾಯದ ವಿಚಾರವಿದೆ. 'ಮಿಸ್ಸಿಂಗ್ ಲಿಂಕ್' ಮಾನವ ವಿಕಾಸದ ಶೋಧವನ್ನು ಹೇಳಿದರೆ 'ಫ್ಲೈಯಿಂಗ್ ಸಾಸರ್ಸ್' ಹಾರುವ ತಟ್ಟೆಗಳ ವರದಿಗಳನ್ನು ಕನ್ನಡ ಓದುಗರ ಮುಂದಿಡುತ್ತದೆ. ಈ ಕೊನೆಯ ಕೃತಿಯನ್ನು ಜಾನಪದ ವಿದ್ವಾಂಸರು ಗಮನಿಸಿಲ್ಲದಿರುವುದು ಅಚ್ಚರಿಯ ಸಂಗತಿ. ಆಕಾಶದಲ್ಲಿ ಏನನ್ನೋ ಕಂಡೆನೆಂದು ಹೇಳುವವನು, ಅದನ್ನು ನಂಬುವವನು, ಅನುಮಾನಿಸುವವನು ಈ ಮೂವರು ಸೇರಿದಲ್ಲಿ ಐತಿಹ್ಯ ಹುಟ್ಟುತ್ತದೆ. ನಂಬಿಕೆ ಅಪನಂಬಿಕೆಗಳ ನಡುವಿನ ವಾದವೇ ಐತಿಹ್ಯದ ಜೀವಾಳ. ಹಾರುವ ತಟ್ಟೆಯ ವರದಿಗಳು ಇಪ್ಪತ್ತನೆಯ ಶತಮಾನದ ಐತಿಹ್ಯಗಳೇ ಆಗಿವೆ. ಇಂತಹ ಸಾಮಗ್ರಿಯ ಬಗೆಗೆ ತೇಜಸ್ವಿಯವರಿಗಿದ್ದ ಕುತೂಹಲವು ಅವರ ಕಾದಂಬರಿಗಳ ರಚನೆಯನ್ನು ಅರಿಯಲು ನೆರವಾಗುತ್ತದೆ.

3

'ಕರ್ವಾಲೊ' ಕಾದಂಬರಿಯ ಹೊರ ಆಕೃತಿ ಜಗತ್ತಿನ ಸಾಹಿತ್ಯಕ್ಕೆ ಹೊಸದಲ್ಲ. ಪುರಾತನ ಜೀವಿಯೊಂದನ್ನು ಹುಡುಕಿಕೊಂಡು ವಿಜ್ಞಾನಿಯೊಬ್ಬನ ನೇತೃತ್ವದಲ್ಲಿ ತಂಡವೊಂದು ದುರ್ಗಮ ಪ್ರದೇಶಕ್ಕೆ ಹೊರಡುವ ಕಥೆಯನ್ನು ಆರ್ಥರ್ ಕಾನನ್ ಡಾಯ್ಲ್ 1912ರ 'ದಿ ಲಾಸ್ಟ್ ವರ್ಲ್ಡ್' ಕಾದಂಬರಿಯಲ್ಲಿ ಹೇಳಿದ್ದರು. ಎರಡನ್ನೂ ಎದುರು ಬದುರಾಗಿಟ್ಟರೆ ಸಾಮ್ಯಕ್ಕಿಂತ ಭೇದವೇ ಹೆಚ್ಚು ಬೆಳಕು ಚೆಲ್ಲುತ್ತದೆ.

ಡಾಯ್ಲ್ ಅವರ ಪ್ರೊಫೆಸರ್ ಚಾಲೆಂಜರ್‌ನಿಗೆ ಸ್ಥಳೀಯರು ಬೇಕಾಗಿರುವುದು ಹೊರೆ ಹೊರಲು, ದಾರಿ ತೋರಲು. ಅವರಲ್ಲಿ ಕೆಲವರು ದ್ರೋಹಿಗಳು, ಒಬ್ಬ ನಿಷ್ಠಾವಂತ ಸೇವಕ. ಪ್ರಸ್ಥಭೂಮಿಯ ಮೇಲಿನ ಮೂಲನಿವಾಸಿಗಳು ತಮ್ಮ ನೆಲದ ಬಗ್ಗೆ ಏನು ಬಲ್ಲರು ಎಂಬುದು ಶೋಧದ ವಿಷಯವೇ ಆಗುವುದಿಲ್ಲ. ಕಥೆಯ ಕೊನೆಗೆ ಜೀವಂತ ಸಾಕ್ಷ್ಯವೊಂದನ್ನು ಲಂಡನ್ನಿನ ಸಭೆಯ ಮುಂದೆ ತೆರೆದು ತೋರಿಸಲಾಗುತ್ತದೆ. ಅದು ಹಾರಿಹೋಗುವುದೇನೋ ನಿಜ. ಆದರೆ ಅಷ್ಟರಲ್ಲಿ ಚಾಲೆಂಜರ್ ಗೆದ್ದಿರುತ್ತಾನೆ, ತಂಡಕ್ಕೆ ವಜ್ರಗಳೂ ದೊರೆತಿರುತ್ತವೆ.

ತೇಜಸ್ವಿಯವರ ಕಾದಂಬರಿಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಇಲ್ಲಿ ವಿಜ್ಞಾನಿ ಕರ್ವಾಲೊ ಅವರಿಗಿಂತ ಮೊದಲು ಇರುವವನು ಮಂದಣ್ಣ. ದನ ಕಾಯುತ್ತ, ಜೇನು ಕೀಳುತ್ತ ಕಾಡಿನಲ್ಲಿ ಅಲೆಯುವ ಈ ಹುಡುಗ ಯಾವುದಾದರೊಂದು ಸಣ್ಣ ನೌಕರಿ ಸಿಕ್ಕಿ ಮದುವೆಯಾದರೆ ಸಾಕೆಂದುಕೊಂಡವನು. ಊರಿನ ಕಣ್ಣಿಗೆ ಅವನು ಉಡಾಳ, ಪೆದ್ದ. ಕೃಷಿಕನಾದ ನಿರೂಪಕನಿಗೂ ಆರಂಭದಲ್ಲಿ ಹಾಗೆಯೇ ಕಾಣುತ್ತಾನೆ. ಅಂತರರಾಷ್ಟ್ರೀಯ ಮಟ್ಟದ ವಿಜ್ಞಾನಿಯೊಬ್ಬರು ಇಂಥವನನ್ನು ಇಷ್ಟು ಗಂಭೀರವಾಗಿ ಪರಿಗಣಿಸುವುದೇಕೆ ಎಂಬುದು ನಿರೂಪಕನ ಮೊದಲ ಗೊಂದಲ. ಹಾರುವ ಓತಿಯ ರಹಸ್ಯಕ್ಕಿಂತ ಮುಂಚೆ ಓದುಗನನ್ನು ಹಿಡಿದಿಡುವುದು ಮಂದಣ್ಣನ ರಹಸ್ಯ. ಕಾದಂಬರಿಯ ನಿಜವಾದ ಶೋಧ ಮಂದಣ್ಣನೇ ಎಂದರೂ ತಪ್ಪಾಗದು.

ಮಂದಣ್ಣ ಕಂಡದ್ದನ್ನು ಕಂಡ ಹಾಗೆ ಹೇಳಬಲ್ಲವನು. ಆ ಕಾಣ್ಕೆಯನ್ನು ಜೀವವಿಕಾಸದ ದೀರ್ಘ ಕಾಲದಲ್ಲಿಟ್ಟು ನೋಡಬಲ್ಲವರು ಕರ್ವಾಲೊ. ಮಂದಣ್ಣನಿಲ್ಲದೆ ಕರ್ವಾಲೊ ಅವರಿಗೆ ಓತಿಯಿಲ್ಲ. ಕರ್ವಾಲೊ ಅವರಿಲ್ಲದೆ ಮಂದಣ್ಣನ ಓತಿ ಕಾಡಿನ ಒಂದು ಸುದ್ದಿಯಾಗಿ ಉಳಿಯುತ್ತಿತ್ತು. ಇವರ ಜೊತೆಗೆ ಛಾಯಾಗ್ರಾಹಕ ಪ್ರಭಾಕರ, ಬಿರಿಯಾನಿ ಕರಿಯಪ್ಪ, ಯೆಂಗ್ಟ, ನಿರೂಪಕನ ನಾಯಿ ಕಿವಿ ಎಲ್ಲರೂ ಸೇರಿ ತಂಡವಾಗುತ್ತದೆ. ಒಬ್ಬೊಬ್ಬನ ಬಳಿಯೂ ಇನ್ನೊಬ್ಬನಿಗಿಲ್ಲದ ಒಂದು ಕೌಶಲವಿದೆ. ಇದು ಹೊರೆಯಾಳುಗಳ ಸಾಲಲ್ಲ, ಬಲ್ಲವರ ಕೂಟ.

ಅಂತ್ಯವನ್ನು ಗಮನಿಸಬೇಕು. ಓತಿ ಕಾಣಿಸಿಕೊಳ್ಳುತ್ತದೆ, ಮತ್ತು ಬೆಟ್ಟದ ಅಂಚಿನಿಂದ ಕಣಿವೆಯ ಅನಂತಕ್ಕೆ ತೇಲಿಹೋಗುತ್ತದೆ. ಅದನ್ನು ಯಾವ ಸಭೆಯ ಮುಂದೆಯೂ ಪ್ರದರ್ಶಿಸಲಾಗುವುದಿಲ್ಲ. ಇದನ್ನು ಶೋಧದ ಸೋಲೆಂದು ಓದುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಜ್ಞಾನ ಮತ್ತು ಒಡೆತನಗಳನ್ನು ಬೇರ್ಪಡಿಸುವ ಗಳಿಗೆ. ಕಂಡದ್ದು ಕಂಡಿದೆ, ಹಿಡಿಯಬೇಕೆಂಬ ಆಸೆ ಮಾತ್ರ ಕೈಬಿಟ್ಟಿದೆ. ವಾಸ್ತವದಲ್ಲಿ ಪಕ್ಕೆಲುಬುಗಳ ಮೇಲೆ ಚಾಚಿದ ಚರ್ಮದ ಪೊರೆಯಿಂದ ಮರದಿಂದ ಮರಕ್ಕೆ ತೇಲುವ ಓತಿ ಪಶ್ಚಿಮಘಟ್ಟದಲ್ಲಿಯೂ ಅಲ್ಲಿಯ ಅಡಿಕೆ ತೋಟಗಳಲ್ಲಿಯೂ ಇದೆ. ಇರುವ ಜೀವಿಯನ್ನೇ ಅನಾದಿ ಕಾಲದ ಬೆರಗಾಗಿ ಮಾರ್ಪಡಿಸಿದ್ದು ಕಾದಂಬರಿಕಾರರ ವೈಜ್ಞಾನಿಕ ಕಲ್ಪನೆ. ದೂರದ ಗ್ರಹಕ್ಕೆ ಹೋಗದೆ, ತೋಟದ ಬೇಲಿಯ ಆಚೆಗೆ ಓದುಗನನ್ನು ಕರೆದೊಯ್ದು ಕಾಲದ ಆಳವನ್ನು ತೋರಿಸಿದ್ದು ಅದರ ಸಾಧನೆ.

4

ಇಲ್ಲಿಂದ ನಮ್ಮ ಶಿಸ್ತಿನ ಕಡೆಗೆ ತಿರುಗಬಹುದು. 1846ರಲ್ಲಿ ವಿಲಿಯಂ ಥಾಮ್ಸ್ ಇಂಗ್ಲಿಷಿನಲ್ಲಿ 'ಫೋಕ್‌ಲೋರ್' ಎಂಬ ಪದವನ್ನು ಟಂಕಿಸಿದಾಗ ಅದರ ಎರಡನೆಯ ಭಾಗಕ್ಕೆ ಅರಿವು, ತಿಳಿವಳಿಕೆ ಎಂಬ ಅರ್ಥವೇ ಇತ್ತು. ಆದರೆ ಶಿಸ್ತು ಬೆಳೆದಂತೆ ಕಥೆ, ಹಾಡು, ಗಾದೆ, ಒಗಟುಗಳು ಅದರ ಮುಖ್ಯ ಸಾಮಗ್ರಿಯಾದವು. ಅರಿವು ಹಿಂದಕ್ಕೆ ಸರಿಯಿತು. ಕಥೆಗಳಿಗೆ ವರ್ಗಸೂಚಿ, ಆಶಯಸೂಚಿಗಳು ಸಿದ್ಧವಾದವು. ಜನರು ಬಲ್ಲ ಸಂಗತಿಗಳಿಗೆ ಮಾತ್ರ 'ನಂಬಿಕೆಗಳು' ಎಂಬ ಒಂದೇ ಚೀಲ ಉಳಿಯಿತು.

ನಾನೂ ಈ ಚೀಲಕ್ಕೆ ತುಂಬಿದವನೇ. ತಿಪಟೂರು ತಾಲ್ಲೂಕಿನ ನೊಣವಿನಕೆರೆಯ ಸುತ್ತಿನ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಕೈಗೊಂಡಾಗ ತೆಂಗಿಗೆ ಸಂಬಂಧಿಸಿದ ಬಹಳಷ್ಟು ಹೇಳಿಕೆಗಳನ್ನು ಸಂಗ್ರಹಿಸಿದ್ದೆ. ಎಳೆಯ ಗರಿ ಬಿಚ್ಚಿಕೊಂಡಾಗ ಕತ್ತರಿಯಿಂದ ಕತ್ತರಿಸಿದಂತೆ ಕಂಡರೆ ಸುಳಿಗೆ ಕುರುವಾಯಿ ಹುಳು ಬಿದ್ದಿದೆ ಎಂದರ್ಥ. ಮರ ಹೊರಗೆ ಸರಿಯಾಗಿಯೇ ಕಾಣುತ್ತಿದ್ದರೂ ಅನುಮಾನ ಬಂದರೆ ಕಾಂಡಕ್ಕೆ ಕಿವಿಯಿಟ್ಟು ಕೇಳಬೇಕು. ಒಳಗೆ ಕೆಂಪುಮೂತಿ ಹುಳುವಿನ ಮರಿ ಮೇಯುವ ಸದ್ದು ಕೇಳಿಸುತ್ತದೆ. ಬೀಜದ ಕಾಯಿಗೆ ವರ್ಷವರ್ಷವೂ ತಪ್ಪದೆ ಫಲ ಕೊಡುವ, ಗೊನೆಯ ಕಾವು ಗಿಡ್ಡವಾಗಿ ಗಟ್ಟಿಯಾಗಿರುವ ಮರವನ್ನೇ ಆರಿಸಬೇಕು. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂಡಿಟ್ಟ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ನೀರಿನ ಸದ್ದು ನಿಂತು ಒಳಗಿನ ಉಂಡೆ ಚಿಪ್ಪಿಗೆ ಬಡಿಯುವ ಸದ್ದು ಬಂದರೆ ಕೊಬ್ಬರಿಯಾಗಿದೆ. ತಿಪಟೂರಿನ ಮಾರುಕಟ್ಟೆಗೆ ಹೋಗುವ ಉಂಡೆ ಕೊಬ್ಬರಿಯ ವ್ಯವಹಾರದ ಬುಡದಲ್ಲಿ ಈ ಕಿವಿಯಿದೆ.

ಇವೆಲ್ಲವನ್ನೂ ನಾನು ವರ್ಗೀಕರಿಸಿದ್ದು 'ಕೃಷಿ ಸಂಬಂಧಿ ನಂಬಿಕೆಗಳು' ಎಂಬ ತಲೆಬರಹದಡಿ. ಅದೇ ಪುಟದಲ್ಲಿ ಶಕುನಗಳೂ ದೃಷ್ಟಿ ತೆಗೆಯುವ ಕ್ರಮಗಳೂ ಇದ್ದವು. ಮಾಹಿತಿ ನೀಡಿದ ಹಿರಿಯರೊಬ್ಬರು ಪಟ್ಟಿಯನ್ನು ಓದಿಸಿಕೊಂಡು, ಕಾಂಡಕ್ಕೆ ಕಿವಿಯಿಡುವುದನ್ನು ನಂಬಿಕೆ ಎಂದದ್ದೇಕೆಂದು ಕೇಳಿದರು. ನಂಬುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ ಎಂಬುದು ಅವರ ತಕರಾರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. 'ಕರ್ವಾಲೊ'ವನ್ನು ವಿದ್ಯಾರ್ಥಿಯಾಗಿದ್ದಾಗಲೇ ಓದಿದ್ದೆ. ಆದರೆ ಆ ತಕರಾರಿನ ಬಳಿಕ ಮತ್ತೆ ಓದಿದಾಗಲೇ, ಕರ್ವಾಲೊ ಅವರು ಮಾಡದೆ ಬಿಟ್ಟದ್ದನ್ನು ನಾನು ಮಾಡಿದ್ದೆನೆಂಬುದು ಹೊಳೆಯಿತು. ಅವರು ಮಂದಣ್ಣನ ಮಾತನ್ನು ನಂಬಿಕೆಯೆಂದು ಪಟ್ಟಿಗೆ ಸೇರಿಸಲಿಲ್ಲ. ಅವನ ಹಿಂದೆ ಕಾಡಿಗೆ ಹೊರಟರು.

ಇದರ ಅರ್ಥ ಜನಪದರು ಹೇಳಿದ್ದೆಲ್ಲ ಸತ್ಯವೆಂದಲ್ಲ. ತೇಜಸ್ವಿಯವರಲ್ಲಿ ಅಂತಹ ಭಾವುಕತೆ ಎಲ್ಲಿಯೂ ಇಲ್ಲ. 'ಪರಿಸರದ ಕತೆ'ಯ ಮಾರ ಹೇಳುವ ಸಂಗತಿಗಳಲ್ಲಿ ನಿಜವೆಷ್ಟು, ಬುರುಡೆಯೆಷ್ಟು ಎಂದು ಅಳೆಯುವುದೇ ಅಲ್ಲಿಯ ವಿನೋದಕ್ಕೆ ಕಾರಣ. ನಿರೂಪಕ ಅವನನ್ನು ಪೂರ್ತಿ ನಂಬುವುದಿಲ್ಲ, ತಳ್ಳಿಯೂ ಹಾಕುವುದಿಲ್ಲ, ಹೋಗಿ ನೋಡುತ್ತಾನೆ. ನಂಬಿಕೆ ಮತ್ತು ಅರಿವುಗಳನ್ನು ಬೇರ್ಪಡಿಸುವುದು ಹೇಳಿದವನ ಜಾತಿ, ಓದು, ಉಡುಪುಗಳಲ್ಲ. ಪರೀಕ್ಷೆಗೆ ಒಡ್ಡಿದಾಗ ನಿಲ್ಲುವ ಗುಣವೇ ಅದನ್ನು ತೀರ್ಮಾನಿಸಬೇಕು. ಈ ನಿಲುವು ಜಾನಪದ ಕ್ಷೇತ್ರಕಾರ್ಯಕ್ಕೆ ಒಂದು ವಿಧಾನವನ್ನೇ ಸೂಚಿಸುತ್ತದೆ.

5

ವಿಜ್ಞಾನ ಮತ್ತು ಜನಪದ ಅರಿವು ಒಂದಾದಾಗಿನ ಬೆರಗು 'ಕರ್ವಾಲೊ'ದಲ್ಲಿದ್ದರೆ, ಅವೆರಡೂ ದೂರವಾದಾಗಿನ ಭೀತಿ 1985ರ 'ಚಿದಂಬರ ರಹಸ್ಯ'ದಲ್ಲಿದೆ. ಈ ಕೃತಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಏಲಕ್ಕಿಯ ಇಳುವರಿ ಕುಸಿದುದರ ಕಾರಣ ತಿಳಿಯಲು ಶಾಮನಂದನ ಅಂಗಡಿ ಕೆಸರೂರಿಗೆ ಬರುತ್ತಾನೆ. ಏಲಕ್ಕಿ ಸಂಶೋಧನೆ ನಡೆಸುತ್ತಿದ್ದ ಜೋಗಿಹಾಳರ ಸಾವೂ ಅವನ ತನಿಖೆಗೆ ಸೇರಿಕೊಳ್ಳುತ್ತದೆ. ಪತ್ತೇದಾರಿ ಕಥೆಯ ಹೊದಿಕೆಯೊಳಗೆ ಇಲ್ಲಿರುವುದು ಒಂದು ಬೆಳೆಯ ಅಳಿವಿನ ಪ್ರಶ್ನೆ. ವಿಜ್ಞಾನ ಇಲ್ಲಿ ಕಚೇರಿಯಾಗಿದೆ, ಕಡತವಾಗಿದೆ. ಊರಿನಲ್ಲಿ ಜಾತಿ, ಮತ, ವ್ಯಾಪಾರಗಳ ಗುಸುಗುಸು ದಟ್ಟವಾಗುತ್ತ ಹೋಗಿ ನಿಜವಾದ ಕಾರಣ ಯಾರ ಕಣ್ಣಿಗೂ ಬೀಳದಂತಾಗುತ್ತದೆ. ಕೊನೆಗೆ ಬೆಂಕಿ ಎಲ್ಲವನ್ನೂ ಸುತ್ತುವರಿಯುತ್ತದೆ. ಮಂದಣ್ಣನಂತಹ ಕಣ್ಣೊಂದು ಈ ಕಾದಂಬರಿಯ ಶೋಧದ ಕೇಂದ್ರದಲ್ಲಿಲ್ಲ ಎಂಬುದು ಕೇವಲ ಪಾತ್ರಯೋಜನೆಯ ಸಂಗತಿಯಲ್ಲ. ದುರಂತಕ್ಕೂ ಅದಕ್ಕೂ ಸಂಬಂಧವಿದೆ.

ಈ ಕಾದಂಬರಿ ಬಯಲುಸೀಮೆಯ ತೆಂಗಿನ ನಾಡಿಗೆ ದೂರದ ಕಥೆಯಲ್ಲ. ಕಾಯಿಯ ತೊಟ್ಟಿನ ಎಸಳುಗಳ ಅಡಿಯಲ್ಲಿ ಅಡಗಿ ರಸ ಹೀರುವ ನುಸಿ ಭಾರತದಲ್ಲಿ ಮೊದಲು ವರದಿಯಾದದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ. ಕೆಲವೇ ವರ್ಷಗಳಲ್ಲಿ ಅದು ಕರ್ನಾಟಕದ ತೋಟಗಳನ್ನೂ ವ್ಯಾಪಿಸಿತು. ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಉದ್ದದ ಈ ಜೀವಿ ಬರಿಗಣ್ಣಿಗೆ ಸಿಗುವಂಥದ್ದಲ್ಲ. ರೈತನಿಗೆ ಕಂಡದ್ದು ಅದರ ಗುರುತು: ತೊಟ್ಟಿನ ಕೆಳಗೆ ತ್ರಿಕೋನಾಕಾರದ ಬಿಳಿಚು ಮಚ್ಚೆ, ಬಳಿಕ ಕಂದುಬಣ್ಣ, ಬಿರುಕು, ಗಾತ್ರ ಕುಗ್ಗಿ ಸೊಟ್ಟಗಾದ ಕಾಯಿ. ಗುರುತನ್ನು ಓದಬಲ್ಲವನು ರೈತ, ಗುರುತಿನ ಹಿಂದಿನ ಜೀವಿಯನ್ನು ತೋರಿಸಬಲ್ಲದ್ದು ಸೂಕ್ಷ್ಮದರ್ಶಕ. ಹಾರುವ ಓತಿಯ ವಿಷಯದಲ್ಲಿ ಮಂದಣ್ಣ ಮತ್ತು ಕರ್ವಾಲೊ ಅವರ ನಡುವೆ ಇದ್ದ ಹಂಚಿಕೆಯೇ ಇಲ್ಲಿಯೂ ಇದೆ. ಈ ಇಬ್ಬರೂ ಒಂದೇ ತೋಟದಲ್ಲಿ ನಿಂತು ಮಾತನಾಡಿದರೆ 'ಕರ್ವಾಲೊ' ಘಟಿಸುತ್ತದೆ, ಮಾತು ನಿಂತಲ್ಲಿ 'ಚಿದಂಬರ ರಹಸ್ಯ' ಶುರುವಾಗುತ್ತದೆ. ತೇಜಸ್ವಿಯವರ ಕಥನವನ್ನು ವೈಜ್ಞಾನಿಕವೆನ್ನಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ಮುಂದಾಗಬಹುದಾದುದರ ಎರಡು ದಾರಿಗಳನ್ನು ಅದು ಕಟ್ಟಿಕೊಟ್ಟಿದೆ.

6

ಈ ಕಥನಕ್ಕೆ ಮಿತಿಗಳಿಲ್ಲವೆಂದಲ್ಲ. ಮೊದಲನೆಯದಾಗಿ, ಮಂದಣ್ಣನ ಅರಿವಿಗೆ ಮನ್ನಣೆ ದೊರೆಯುವುದು ಕರ್ವಾಲೊ ಅವರ ಮೂಲಕ. ವಿಜ್ಞಾನಿ ಗುರುತಿಸದಿದ್ದರೆ ಅವನು ಊರಿನ ಕಣ್ಣಿನಲ್ಲಿ ಪೆದ್ದನಾಗಿಯೇ ಉಳಿಯುತ್ತಿದ್ದ. ಕಳ್ಳಭಟ್ಟಿಯ ಮೊಕದ್ದಮೆಯಲ್ಲಿ ಸಿಕ್ಕಿಕೊಂಡಾಗ ಅವನ ಬಿಡುಗಡೆಗೆ ಹೊರಗಿನ ಆಸರೆ ಬೇಕಾಗುವಂತೆ, ಅವನ ಜ್ಞಾನದ ಬಿಡುಗಡೆಗೂ ಹೊರಗಿನ ಪ್ರಮಾಣಪತ್ರ ಬೇಕಾಗುತ್ತದೆ. ಕಾದಂಬರಿಯ ಹೆಸರು 'ಮಂದಣ್ಣ' ಎಂದಾಗದೆ 'ಕರ್ವಾಲೊ' ಎಂದಾದದ್ದನ್ನೂ ಈ ದೃಷ್ಟಿಯಿಂದ ಯೋಚಿಸಬಹುದು.

ಎರಡನೆಯದು ಇನ್ನೂ ಮುಖ್ಯವಾದದ್ದು. ಓತಿಯನ್ನು ಹುಡುಕಿ ಹೊರಟ ತಂಡದಲ್ಲಿ ಒಬ್ಬ ಹೆಂಗಸೂ ಇಲ್ಲ. ಮಂದಣ್ಣನ ಮದುವೆಯ ಪ್ರಸಂಗ ಹಾಸ್ಯದ ಹೊನಲಾಗಿ ಹರಿಯುತ್ತದೆ. ಅವನ ಹೆಂಡತಿ ಏನು ಬಲ್ಲಳೆಂಬ ಪ್ರಶ್ನೆ ಏಳುವುದೇ ಇಲ್ಲ. 'ಕಿರಗೂರಿನ ಗಯ್ಯಾಳಿಗಳು' ಕಥೆಯಲ್ಲಿ ಹೆಂಗಸರ ಒಗ್ಗಟ್ಟು ಮತ್ತು ಬಾಯಿಬಲವನ್ನು ಅಷ್ಟು ಸೊಗಸಾಗಿ ಚಿತ್ರಿಸಿದ ಲೇಖಕರೇ ಶೋಧದ ಕಥನದಲ್ಲಿ ಅವರನ್ನು ಮನೆಯಲ್ಲಿ ಬಿಟ್ಟು ಹೊರಟಿದ್ದಾರೆ. ತೆಂಗಿನ ನಾಡಿನ ಅನುಭವ ಇದಕ್ಕೆ ವ್ಯತಿರಿಕ್ತವಾದುದು. ನನ್ನ ಕ್ಷೇತ್ರಕಾರ್ಯದಲ್ಲಿ ಅಟ್ಟದ ಕಾಯಿಯನ್ನು ಅಲ್ಲಾಡಿಸಿ ಒಣಗಿದ್ದನ್ನು ಬೇರ್ಪಡಿಸುತ್ತಿದ್ದವರಲ್ಲಿ ಮನೆಯ ಹಿರಿಯ ಹೆಂಗಸರೇ ಹೆಚ್ಚು. ಅವರನ್ನು ನಾನು ಹಾಡಿಗಾಗಿ ಕೇಳಿದೆ, ಕಾಯಿಯ ವಿಷಯಕ್ಕೆ ಗಂಡಸರನ್ನು ಕೇಳಿದೆ. ಲೇಖಕರ ಮಿತಿಯನ್ನು ತೋರಿಸುವ ಬೆರಳು ಇಲ್ಲಿ ಸಂಗ್ರಾಹಕನ ಕಡೆಗೂ ತಿರುಗಬೇಕಾಗುತ್ತದೆ.

7

ಬಂಗಾಳಿಯಲ್ಲಿ ಜಗದೀಶಚಂದ್ರ ಬೋಸರು 1896ರಲ್ಲಿಯೇ ವೈಜ್ಞಾನಿಕ ಕಥೆಯೊಂದನ್ನು ಬರೆದರು. ಅದರಲ್ಲಿ ಭಾರಿ ಚಂಡಮಾರುತವೊಂದನ್ನು ತಣಿಸುವುದು ಒಂದು ಸೀಸೆ ಕೇಶತೈಲ. ಮನೆಯೊಳಗಿನ ವಸ್ತುವಿನಿಂದ ಬಾಹ್ಯ ಪ್ರಕೃತಿಯ ರಹಸ್ಯಕ್ಕೆ ದಾಟುವ ಈ ಕ್ರಮ ಭಾರತೀಯ ವೈಜ್ಞಾನಿಕ ಕಥನದ ಆರಂಭದಲ್ಲಿಯೇ ಇದೆ. ತೇಜಸ್ವಿಯವರು ಅದಕ್ಕೆ ಇನ್ನೊಂದು ಅಂಶ ಕೂಡಿಸಿದರು. ಅವರಲ್ಲಿ ರಹಸ್ಯಕ್ಕೆ ದಾಟಿಸುವುದು ವಸ್ತುವಲ್ಲ, ಅದನ್ನು ಬಲ್ಲ ಅನಾಮಿಕ ಮನುಷ್ಯ.

ಆ ಮನುಷ್ಯನನ್ನು ಗುರುತಿಸುವ ಕೆಲಸ ಕಾದಂಬರಿಕಾರರಿಗಿಂತ ಹೆಚ್ಚಾಗಿ ಜಾನಪದ ಅಧ್ಯಯನಕಾರರದ್ದಾಗಬೇಕಿತ್ತು. ನಮ್ಮ ಗ್ರಂಥಾಲಯಗಳಲ್ಲಿರುವ ಸಂಗ್ರಹಗಳ 'ನಂಬಿಕೆಗಳು' ಎಂಬ ವಿಭಾಗವನ್ನು ಮತ್ತೆ ತೆರೆದು, ಪರೀಕ್ಷೆಗೆ ಒಡ್ಡಬಹುದಾದ ಒಂದೊಂದು ಹೇಳಿಕೆಯನ್ನೂ ಬೇರೆ ಮಾಡಿ, ಸಂಬಂಧಪಟ್ಟ ವಿಜ್ಞಾನಿಗಳೊಡನೆ ಕುಳಿತು ನೋಡುವ ಕೆಲಸ ಬಾಕಿಯಿದೆ. ಹೇಳಿದವರ ಒಪ್ಪಿಗೆ ಪಡೆದು ಆ ಅರಿವಿನ ಪಕ್ಕದಲ್ಲಿ ಅವರ ಹೆಸರನ್ನೂ ನಮೂದಿಸುವುದು ಇದರ ಭಾಗವೇ ಆಗಬೇಕು. ನೊಣವಿನಕೆರೆಯ ಸಂಗ್ರಹದಿಂದ ಆ ಕೆಲಸವನ್ನು ನಾನು ಆರಂಭಿಸಿದ್ದೇನೆ. ಕಾಂಡಕ್ಕೆ ಕಿವಿಯಿಟ್ಟು ಹುಳುವಿನ ಸದ್ದು ಕೇಳುವ ಸಂಗತಿಯನ್ನು 'ನಂಬಿಕೆಗಳು' ವಿಭಾಗದಿಂದ ತೆಗೆದು 'ರೋಗಪತ್ತೆಯ ಕ್ರಮಗಳು' ಎಂಬ ಹೊಸ ವಿಭಾಗದ ಮೊದಲ ನಮೂದಾಗಿ ಇರಿಸಲಾಗಿದೆ.